ಸರ್ವೆ ನಕ್ಷೆಯಲ್ಲಿ ಆಬ್ಜೆಕ್ಟ್ ಸ್ನ್ಯಾಪ್ ಸರಿಯಾಗಿ ಹಿಡಿಯದಿದ್ದರೆ
ಸರ್, ನಮಸ್ಕಾರ. ಪಾಂಡವಪುರದ ತೋಟದ ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಉಪಕರಣ) ಸರ್ವೆ ನಕ್ಷೆಯ ಮೇಲೆ ಡ್ರಿಪ್ ಪೈಪಿನ ಗೆರೆ ಎಳೆಯುವಾಗ ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಸ್ನ್ಯಾಪ್ (ಗೆರೆಯ ತುದಿ, ಚುಕ್ಕಿ ಮುಂತಾದ ನಿಖರ ಜಾಗವನ್ನು ಕರ್ಸರ್ ತಾನೇ ಹಿಡಿಯುವುದು) ಕೆಲವು ಕಡೆ ಹಿಡಿಯುವುದೇ ಇಲ್ಲ, ಹಿಡಿದ ಕಡೆಯೂ ಪೈಪಿನ ಉದ್ದ ನಂಬಲಾಗದಷ್ಟು ಹೆಚ್ಚು ಬರುತ್ತದೆ ಎಂದು ಬರೆದಿದ್ದೀರಿ. ಇವು ಎರಡು ಬೇರೆ ತೊಂದರೆಗಳು; ಒಂದಕ್ಕೆ ಮಾಡುವ ಉಪಾಯದಿಂದ ಇನ್ನೊಂದು ಸರಿಹೋಗುವುದಿಲ್ಲ.

ಮೊದಲನೆಯದು ಸುಲಭ. ಎಫ್3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ ಆನ್ ಇದೆಯೇ ನೋಡಿ. ಎಫ್9 ಗ್ರಿಡ್ ಸ್ನ್ಯಾಪಿಗೆ ಸೇರಿದ್ದು, ಅದು ಆಫ್ ಇರಲಿ. ನಂತರ ಓಎಸ್‌ಮೋಡ್ (OSMODE) ಎಂದು ಟೈಪ್ ಮಾಡಿದರೆ ಒಂದು ಅಂಕಿ ತೋರಿಸುತ್ತದೆ. ಅದು 0 ಆಗಿದ್ದರೆ ಯಾವ ಸ್ನ್ಯಾಪೂ ಆಯ್ಕೆಯಾಗಿಲ್ಲ, 16384 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸ್ನ್ಯಾಪ್ ಆಫ್ ಆಗಿದೆ. ಲಿಸ್ಪ್ ರೊಟೀನನ್ನು (ಆಟೋಕ್ಯಾಡ್ ಒಳಗೆ ಓಡಿಸುವ ಚಿಕ್ಕ ಪ್ರೋಗ್ರಾಂ) ಅರ್ಧದಲ್ಲಿ ಎಸ್ಕೇಪ್ ಒತ್ತಿ ನಿಲ್ಲಿಸಿದಾಗ ಹೀಗಾಗುವುದು ಸಾಮಾನ್ಯ. ನಿಮ್ಮ ಕೆಲಸಕ್ಕೆ ಅಲ್ಲಿ 41 ಎಂದು ಕೊಡಿ, ಅಂದರೆ ಎಂಡ್‌ಪಾಯಿಂಟ್ (ಗೆರೆಯ ತುದಿ) 1, ನೋಡ್ (ಚುಕ್ಕಿ) 8, ಇಂಟರ್‌ಸೆಕ್ಷನ್ (ಗೆರೆಗಳು ಕೂಡುವ ಜಾಗ) 32, ಇವುಗಳ ಮೊತ್ತ. ಸರ್ವೆಯವರು ಕೊಟ್ಟ ಚುಕ್ಕಿಗಳು ಪಾಯಿಂಟ್ ಆಬ್ಜೆಕ್ಟ್ ಆಗಿರುವುದರಿಂದ ಎಂಡ್‌ಪಾಯಿಂಟ್ ಅವನ್ನು ಹಿಡಿಯುವುದಿಲ್ಲ, ನೋಡ್ ಬೇಕೇ ಬೇಕು. ನಿಯರೆಸ್ಟ್ (ಗೆರೆಯ ಮೇಲಿನ ಅತಿ ಹತ್ತಿರದ ಜಾಗವನ್ನು ಹಿಡಿಯುವ ಸ್ನ್ಯಾಪ್) ಅನ್ನು ಸದಾ ಆನ್ ಇಡುವುದು ನನಗೆ ಒಪ್ಪಿಗೆಯಿಲ್ಲ. ಮೂಲೆಯನ್ನು ಹಿಡಿಯಬೇಕಾದಲ್ಲಿ ಅದು ಪಕ್ಕದ ಗೆರೆಯನ್ನು ಹಿಡಿದುಬಿಡುತ್ತದೆ.

ಎರಡನೆಯದೇ ನಿಮ್ಮ ನಿಜವಾದ ತೊಂದರೆ ಎಂದು ನನಗನ್ನಿಸುತ್ತದೆ. ಟೋಟಲ್ ಸ್ಟೇಷನ್ ಚುಕ್ಕಿಗಳಿಗೆ ನೆಲದ ಲೆವೆಲ್ ಕೂಡ ಇರುತ್ತದೆ, ನೀವು ಕೈಯಿಂದ ಬರೆದ ಪಂಪ್‌ಹೌಸ್ ಮಾತ್ರ ಸೊನ್ನೆ ಎತ್ತರದಲ್ಲಿರುತ್ತದೆ. ಬದುವಿನ ಕಲ್ಲಿನ ಲೆವೆಲ್ 690 ಮೀಟರ್ ಎಂದಿಟ್ಟುಕೊಳ್ಳಿ. ಅಲ್ಲಿಂದ ಪಂಪ್‌ಹೌಸಿಗೆ ನೆಲದ ಮೇಲೆ 40 ಮೀಟರ್ ಇದ್ದರೂ, ಸ್ನ್ಯಾಪ್ ಮಾಡಿ ಎಳೆದ ಲೈನಿನ ಉದ್ದ 691 ಮೀಟರಿಗಿಂತ ಹೆಚ್ಚು ಬರುತ್ತದೆ. ಮೇಲಿನಿಂದ ನೋಡುವಾಗ ಎರಡು ಗೆರೆಗಳು ಕೂಡಿದಂತೆ ಕಂಡರೂ ಇಂಟರ್‌ಸೆಕ್ಷನ್ ಸಿಗದಿರುವುದಕ್ಕೂ ಇದೇ ಕಾರಣ, ಏಕೆಂದರೆ ಅವು ಬೇರೆ ಬೇರೆ ಎತ್ತರದಲ್ಲಿ ಒಂದರ ಮೇಲೊಂದು ಹಾದುಹೋಗಿರುತ್ತವೆ. ದೂರ ಅಳೆಯುವ ಡಿಸ್ಟ್ (DIST) ಕಮಾಂಡ್ ಕೊಟ್ಟು ಎರಡು ತುದಿಗಳನ್ನು ಹಿಡಿಯಿರಿ. ಡೆಲ್ಟಾ ಝಡ್ (ಎರಡು ತುದಿಗಳ ಎತ್ತರದ ವ್ಯತ್ಯಾಸ) ಸೊನ್ನೆಯಲ್ಲದಿದ್ದರೆ ರೋಗ ಸಿಕ್ಕಂತೆಯೇ.

ಹೊಸ ಗೆರೆಗಳನ್ನು ಎಳೆಯುವ ಮೊದಲು ಎಲಿವೇಷನ್ (ELEVATION, ಹೊಸ ಗೆರೆ ಕೂರುವ ಎತ್ತರ) ಸೊನ್ನೆ ಇದೆಯೇ ನೋಡಿಕೊಂಡು ಓಸ್ನ್ಯಾಪ್‌ಝಡ್ (OSNAPZ) ಅನ್ನು 1 ಮಾಡಿ; ಆಗ ಸ್ನ್ಯಾಪ್ ಯಾವ ಚುಕ್ಕಿಯನ್ನು ಹಿಡಿದರೂ ಅದರ ಎತ್ತರವನ್ನು ಬಿಟ್ಟು ಸೊನ್ನೆಯಲ್ಲೇ ಕೂರುತ್ತದೆ. ಫೈಲನ್ನು ಮತ್ತೆ ತೆರೆದಾಗ ಓಸ್ನ್ಯಾಪ್‌ಝಡ್ ಅಂಕಿಯನ್ನು ಮತ್ತೊಮ್ಮೆ ನೋಡಿಕೊಳ್ಳಿ. ಈಗಾಗಲೇ ಎಳೆದ ಗೆರೆಗಳನ್ನು ಸೆಲೆಕ್ಟ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟ್ ಝಡ್ ಮತ್ತು ಎಂಡ್ ಝಡ್ ಎರಡನ್ನೂ 0 ಮಾಡಿದರೆ ಸಾಕು. ಎಕ್ಸ್‌ಪ್ರೆಸ್ ಟೂಲ್ಸ್‌ನ ಫ್ಲ್ಯಾಟನ್ ಕಮಾಂಡೂ ಇದನ್ನು ಮಾಡುತ್ತದೆ, ಆದರೆ ಅದು ಬ್ಲಾಕ್‌ಗಳನ್ನೂ (ಒಂದೇ ವಸ್ತುವಾಗಿ ಕೂಡಿಸಿಟ್ಟ ಚಿತ್ರಗಳು) ಬದಲಿಸಬಹುದು; ಕೆಲವೇ ಗೆರೆಗಳಿದ್ದರೆ ಮೊದಲಿನ ದಾರಿಯೇ ವಾಸಿ.

ಏನೇ ಮಾಡಿದರೂ ನಕಲು ಫೈಲಿನಲ್ಲಿ ಮಾಡಿ, ದಯವಿಟ್ಟು ಮೂಲ ಸರ್ವೆ ಫೈಲನ್ನು ಮುಟ್ಟಬೇಡಿ. 10 ಮೀಟರ್ ಏರಿಳಿತಕ್ಕೆ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ವ್ಯತ್ಯಾಸವಾಗುವುದರಿಂದ, ಪಂಪು ಮತ್ತು ಪೈಪಿನ ಲೆಕ್ಕ ಹಾಕುವಾಗ ಆ ಲೆವೆಲ್‌ಗಳೇ ನಿಮಗೆ ಬೇಕಾಗುತ್ತವೆ. ಇಷ್ಟಾದ ಮೇಲೂ ಸರಿಹೋಗದಿದ್ದರೆ ಓಎಸ್‌ಮೋಡ್ ಅಂಕಿಯನ್ನೂ ಡಿಸ್ಟ್ ತೋರಿಸಿದ ಡೆಲ್ಟಾ ಝಡ್ ಅಂಕಿಯನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.