ಕೋಲು ತವರಿನಲ್ಲೇ ಬಿಟ್ಟು ಬಂದಿರೇಕೆ?

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ವಯಸ್ಸು 44, ಬ್ಯಾಂಕಿನಲ್ಲಿ ಕೆಲಸ, ಐದು ವರ್ಷದಿಂದ ಫೈಬ್ರೊಮಯಾಲ್ಜಿಯ ಎಂಬ ಮೈನೋವಿನ ಕಾಯಿಲೆ. ಕತ್ತು, ಭುಜ, ಸೊಂಟ, ತೊಡೆ, ದಿನಕ್ಕೊಂದು ಕಡೆ ನೋವು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲದರಲ್ಲೂ ಏನೂ ಇಲ್ಲ. ವ್ಯಾಯಾಮ ಮಾಡಲೇಬೇಕು ಎಂದಿದ್ದಾರೆ ವೈದ್ಯರು. ಜಿಮ್ ಎರಡು ವಾರ, ಯೋಗ ಶಿಬಿರ ಒಂಬತ್ತು ದಿನ, ಬೆಳಗಿನ ವಾಕಿಂಗ್ ಬಿಟ್ಟು ಬಿಟ್ಟು ಒಂದು ತಿಂಗಳು. ಪ್ರತಿ ಸಲವೂ ಹಾಸಿಗೆ ಹಿಡಿದು ನಿಲ್ಲಿಸಿದ್ದಾರೆ. ಮೈದುನ ಹೆಜ್ಜೆ ಎಣಿಸುವ ವಾಚ್ ತಂದುಕೊಟ್ಟು, ದಿನಾ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ‘ಅತ್ತಿಗೆ, ಇವತ್ತು ಎಷ್ಟಾಯ್ತು?’ ಎಂದು ಕೇಳುತ್ತಾನೆ. ಗಂಡ ‘ಆಗಲ್ಲ ಅಂದ್ರೆ ಮಲಕ್ಕೊ’ ಎನ್ನುತ್ತಾರೆ. ‘ಯಾವ ವ್ಯಾಯಾಮವೂ ನನಗೆ ಒಗ್ಗುವುದಿಲ್ಲ, ಇಷ್ಟವೂ ಇಲ್ಲ. ಬಿಟ್ಟೇಬಿಡಲೇ?’ ಎಂಬುದು ಅವರ ಪ್ರಶ್ನೆ.

ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ. ‘ದಸರಾಗೆ ತವರಿಗೆ ಹೋಗಿದ್ದಾಗ ಎಲ್ಲರ ಜೊತೆ ಅರ್ಧ ಗಂಟೆ ಕೋಲಾಟ ಆಡಿದೆ, ಆಡುವಾಗ ನೋವಿನ ನೆನಪೇ ಆಗಲಿಲ್ಲ. ಆಮೇಲೆ ಮೂರು ದಿನ ಏಳಲಾಗಲಿಲ್ಲ, ಬುದ್ಧಿ ಬಂತು.’ ಅಷ್ಟು ಹೇಳಿ ಮುಂದಿನ ಸಾಲಿನಲ್ಲಿ ಮತ್ತೆ ವಾಚಿನ ಮಾತು.

ಅಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನಿಮಗೆ ಇಷ್ಟವಾಗುವ ವ್ಯಾಯಾಮ ಸಿಕ್ಕಿದೆ. ತಪ್ಪಿದ್ದು ಕೋಲಾಟದಲ್ಲಲ್ಲ, ಅರ್ಧ ಗಂಟೆಯಲ್ಲಿ.

ಬಿಡುವ ಮಾತು ಬೇಡ. ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಫೈಬ್ರೊಮಯಾಲ್ಜಿಯಕ್ಕೆ ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮವನ್ನು. ಮಾತ್ರೆಗಳಿಗೂ ಅಷ್ಟು ಗಟ್ಟಿ ಮಾತು ಸಿಗಲಿಲ್ಲ. ಆದರೆ ಈ ಕಾಯಿಲೆಯಲ್ಲಿ ನರಮಂಡಲ ನೋವಿನ ಸದ್ದನ್ನು ಹೆಚ್ಚು ಮಾಡಿಟ್ಟಿರುತ್ತದೆ. ಇದ್ದಕ್ಕಿದ್ದಂತೆ ಭಾರ ಬಿದ್ದರೆ ಆ ಸದ್ದು ಇನ್ನೂ ಏರುತ್ತದೆ. ಚೆನ್ನಾಗಿದ್ದ ದಿನ ಮೈಮರೆತು ಮಾಡುವುದು, ಮೂರು ದಿನ ಬೀಳುವುದು, ಹೆದರಿ ಬಿಡುವುದು: ನಿಮ್ಮ ಜಿಮ್, ಯೋಗ, ವಾಕಿಂಗ್ ಮೂರೂ ಇದೇ ಸುಳಿಗೆ ಸಿಕ್ಕವು.

ಮೈದುನನ ಮೇಲೆ ನಿಮಗೆ ಸಿಟ್ಟಿಲ್ಲ, ನನಗಿದೆ. ಇಂಥ ವಾಚುಗಳ ಹತ್ತು ಸಾವಿರ ಹೆಜ್ಜೆಯ ಗುರಿ ನಿಮ್ಮ ಕಾಯಿಲೆ ನೋಡಿ ಲೆಕ್ಕ ಹಾಕಿ ಕೊಟ್ಟ ಅಂಕಿಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರೇ ‘ಮಾನ್‌ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಸರಕು ಮಾರಲು ಇಟ್ಟ ಹೆಸರದು. ಅದನ್ನು ಹಿಡಿದುಕೊಂಡು, ನೋವಿರುವ ಹೆಂಗಸನ್ನು ರಾತ್ರಿ ಎಲ್ಲರೆದುರು ಲೆಕ್ಕ ಕೇಳುವುದು ಕಾಳಜಿಯಲ್ಲ. ನಿಮ್ಮ ಯಜಮಾನರದು ಕಾಳಜಿಯೇ, ಸಲಹೆ ಮಾತ್ರ ತಪ್ಪು.

ಈಗ ಕೋಲಾಟದ ವಿಷಯ. ಅಂದು ಏನೇನು ಕೆಟ್ಟಿರಬಹುದು ನೋಡಿ. ಅಂಗಳದ ಸಿಮೆಂಟಿನ ಮೇಲೆ ಬರಿಗಾಲು. ಕೂತು ಏಳುವ ಹೆಜ್ಜೆ. ಭುಜಕ್ಕಿಂತ ಮೇಲೆತ್ತಿ ಹೊಡೆದ ಕೋಲು. ಮತ್ತೆ ಕೊನೆಯ ಸುತ್ತು, ತಾಳ ಏರುತ್ತಾ ಏರುತ್ತಾ ಯಾರಿಗೂ ನಿಲ್ಲಿಸಲು ಮನಸ್ಸಾಗದ ಆ ಸುತ್ತು. ಮನೆಯಲ್ಲಿ ಇವು ನಾಲ್ಕೂ ಬೇಡ. ಕೈಯಿಲ್ಲದ ಗಟ್ಟಿ ಕುರ್ಚಿಯ ಅಂಚಿಗೆ ಬಂದು ಕೂತು, ಎರಡೂ ಪಾದ ನೆಲಕ್ಕೂರಿ ಶುರು ಮಾಡಿ. ಕೋಲು ಹಗುರವಿರಲಿ, ಒಂದಡಿ ಉದ್ದ ಸಾಕು. ಹಿಡಿಯುವ ಕಡೆ ಹಳೇ ಹತ್ತಿಬಟ್ಟೆ ನಾಲ್ಕು ಸುತ್ತು ಸುತ್ತಿ ದಪ್ಪ ಮಾಡಿ. ತೆಳ್ಳನೆಯ ಕೋಲನ್ನು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಆ ಬಿಗಿ ಮೊಣಕೈಗೆ, ಅಲ್ಲಿಂದ ಕತ್ತಿಗೆ ಏರುತ್ತದೆ. ಹೊಡೆತ ಎದೆಯ ಮಟ್ಟ ದಾಟಬಾರದು.

ಹಾಡಿಕೊಂಡೇ ಆಡಿ. ಹಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಇದಕ್ಕಿಂತ ಒಳ್ಳೆಯ ಅಳತೆ ವಾಚಿನಲ್ಲಿಲ್ಲ.

ಎಷ್ಟು ಹೊತ್ತು? ದಿನ ಬಿಟ್ಟು ದಿನ, ದಿನಕ್ಕೊಂದರಂತೆ ಒಟ್ಟು ಮೂರು ಸಲ ಆಡಿ, ನೋವು ಏರತೊಡಗಿದ ನಿಮಿಷವನ್ನು ಬರೆದಿಡಿ. 9, 6, 6 ಬಂತೆನ್ನಿ, ಸರಾಸರಿ 7. ಅದರಲ್ಲಿ ಕಾಲು ಭಾಗ ಕಳೆದರೆ ಸುಮಾರು 5. ನಿಮ್ಮ ಲೆಕ್ಕ ಅಲ್ಲಿಂದ. ಎರಡು ವಾರ ದಿನ ಬಿಟ್ಟು ದಿನ ಐದೇ ನಿಮಿಷ, ಆಮೇಲೆ ವಾರಕ್ಕೆ ಅರ್ಧ ನಿಮಿಷ ಸೇರಿಸಿ. ಹತ್ತು ನಿಮಿಷ ಮುಟ್ಟಲು ಒಟ್ಟು ಹನ್ನೆರಡು ವಾರ. ನಿಧಾನ ಅನ್ನಿಸುತ್ತದೆ, ಅನ್ನಿಸಲಿ. ಆ ಹತ್ತು ನಿಮಿಷ ನೆಲೆ ನಿಂತ ಮೇಲೆ ಮೆತ್ತನೆ ಅಟ್ಟೆಯ ಶೂ ಹಾಕಿ ಎದ್ದು ನಿಂತು ಆಡಿ. ಆಗ ಸಮಯ ಮತ್ತೆ ಐದಕ್ಕಿಳಿಯಬೇಕು, ಏಕೆಂದರೆ ಮೈಗೆ ಅದು ಹೊಸ ಕೆಲಸ.

ಆಡಿದ ಮೇಲೆ ನೋವು ಸ್ವಲ್ಪ ಏರಿದರೆ ಹೆದರಬೇಡಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎರಡು ಅಂಕ ಏರಿ ಮಾರನೆಯ ದಿನ ಅದೇ ಹೊತ್ತಿಗೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಮುಂದಿನ ಸಲ ಒಂದು ನಿಮಿಷ ಕಡಿಮೆ. ತೀರಾ ಕೆಟ್ಟ ದಿನವೂ ಪೂರ್ತಿ ಬಿಡದೆ ಅರ್ಧ ಹೊತ್ತು ಆಡಿ. ಆದರೆ ಒಂದೇ ಕೀಲು ಊದಿ ಬಿಸಿಯಾದರೆ, ಜ್ವರ ಬಂದರೆ, ಎದೆ ನೋವು ಬಂದರೆ, ಕಾಲು ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರೆ ಅದು ಬೇರೆಯೇ ವಿಷಯ, ತಡಮಾಡದೆ ವೈದ್ಯರ ಬಳಿ ಹೋಗಿ. ಶುರು ಮಾಡುವ ಮುಂಚೆಯೂ ಅವರ ಕಿವಿಗೆ ಹಾಕಿರಿ.

ಇಷ್ಟೂ ಮರೆತರೂ ಒಂದನ್ನು ಮಾತ್ರ ಮರೆಯಬೇಡಿ, ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸದ ಮಾತು: ಗಡಿಯಾರ ನೋಡಿ ನಿಲ್ಲಿಸಿ, ನೋವು ನೋಡಿ ಅಲ್ಲ. ಅಲಾರಂ ಹೊಡೆದಾಗ ಖುಷಿ ಇನ್ನೂ ಉಳಿದಿರುತ್ತದೆ, ಇನ್ನೊಂದು ಸುತ್ತು ಅನ್ನಿಸುತ್ತದೆ. ಆಗಲೇ ಕೋಲು ಕೆಳಗಿಡಿ. ಅಂದು ಅಂಗಳದಲ್ಲಿ ನಿಮಗೆ ಆಗದೇ ಹೋದದ್ದು ಇದೊಂದೇ.

ಕೋಲುಗಳು ತವರಿನಲ್ಲೇ ಉಳಿದಿವೆ ಎಂದು ಬರೆದಿದ್ದೀರಿ. ಇವತ್ತೇ ಫೋನ್ ಮಾಡಿ ತರಿಸಿಕೊಳ್ಳಿ, ವಾಚನ್ನು ಮೈದುನನಿಗೆ ವಾಪಸ್ ಕೊಡಿ.