ಬಂದ ದಾರಿಯಲ್ಲೇ ತಿಮಿಂಗಿಲ ಏಕೆ ಮರಳುವುದಿಲ್ಲ?

ಪತ್ರ: 2022ರಲ್ಲಿ ಫ್ರಾನ್ಸಿನ ಸೀನ್ ನದಿಗೆ ಬಂದು ಸಿಕ್ಕಿಕೊಂಡ ಬಿಳಿ ತಿಮಿಂಗಿಲದ ಕುರಿತು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅಷ್ಟು ದೂರ ಈಜಿ ಬಂದ ಪ್ರಾಣಿಗೆ ಅದೇ ದಾರಿಯಲ್ಲಿ ಹಿಂದಿರುಗಲು ಏನು ಅಡ್ಡಿ? ನಮ್ಮ ಅಘನಾಶಿನಿ ನದಿಯ ಗಜನಿಗಳಿಗೆ, ಅಂದರೆ ನದೀಮುಖದ ಉಪ್ಪುನೀರಿನ ತಗ್ಗು ಗದ್ದೆಗಳಿಗೆ, ಭರತದ ನೀರಿನೊಡನೆ ಬಂದ ಮೀನುಗಳು ಇಳಿತದಲ್ಲಿ ಒಳಗೇ ಉಳಿದುಬಿಡುತ್ತವೆ. ಇದೂ ಹಾಗೆಯೇ ಏನು? ತಿಮಿಂಗಿಲ ಸಾಯುವುದಕ್ಕೆಂದೇ ದಡಕ್ಕೆ ಬರುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ನಿಜವೇ? ಸಮುದ್ರ ಬಿಟ್ಟು ಅತಿ ದೂರ ಹೋದ ತಿಮಿಂಗಿಲ ಯಾವುದು?
— ಒಬ್ಬ ಓದುಗ, ಕುಮಟಾ ತಾಲೂಕು

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಬೇಕಾದರೆ ‘ದಾರಿ ತಪ್ಪಿತು’ ಎಂಬ ಮಾತನ್ನೇ ಸ್ವಲ್ಪ ಪರೀಕ್ಷಿಸಬೇಕಾಗುತ್ತದೆ. ಆ ಲೇಖನದ ತಲೆಬರಹದಲ್ಲಿ ನಾವೂ ಅದನ್ನೇ ಬಳಸಿದ್ದೆವು. ಅವಸರದಲ್ಲಿ ಬಳಸಿದೆವೆಂದು ಈಗ ಅನ್ನಿಸುತ್ತಿದೆ. ನದಿಗೆ ಬಂದ ಎಷ್ಟೋ ತಿಮಿಂಗಿಲಗಳು ಏನನ್ನೂ ಮರೆತಿರುವುದಿಲ್ಲ. ಆಳಸಮುದ್ರದಲ್ಲಿ ಅವುಗಳನ್ನು ಜೀವಮಾನವೆಲ್ಲ ಕಾಪಾಡಿದ ರೂಢಿಯೇ ತಕ್ಕದ್ದಲ್ಲದ ಜಾಗದಲ್ಲಿ ಮುಂದುವರಿದು ಅವುಗಳನ್ನು ಸಿಕ್ಕಿಸಿರುತ್ತದೆ.

ಲಂಡನ್ನಿನ ಪ್ರಕರಣವನ್ನು ನೋಡಿ. 2006ರ ಜನವರಿ 20ರಂದು ಥೇಮ್ಸ್ ನದಿಯಲ್ಲಿ, ಪಾರ್ಲಿಮೆಂಟ್ ಭವನದ ಎದುರಿನಲ್ಲಿಯೇ, ಬಾಟಲಿಮೂತಿಯ ತಿಮಿಂಗಿಲವೊಂದು ಈಜುತ್ತಿರುವುದನ್ನು ಜನ ಕಂಡರು. ಐದು ಮೀಟರಿಗೂ ಉದ್ದವಿದ್ದ, ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣು ಅದು. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಸಾವಿರ ಮೀಟರಿಗೂ ಕೆಳಗೆ ಮುಳುಗಿ ಸ್ಕ್ವಿಡ್‌ಗಳನ್ನು, ಅಂದರೆ ನಿಮ್ಮ ಕಡೆಯವರು ಬೊಂಡಾಸ್ ಎನ್ನುವ ಪ್ರಾಣಿಗಳನ್ನು, ಹಿಡಿದು ತಿನ್ನುವ ಜಾತಿಗೆ ಸೇರಿದ್ದು. ಅದು ಹೇಗೋ ಬ್ರಿಟನ್ನಿನ ಪೂರ್ವಕ್ಕಿರುವ, ಆಳ ಕಡಿಮೆಯಾದ ಉತ್ತರ ಸಮುದ್ರವನ್ನು ಹೊಕ್ಕಿತ್ತು. ತನ್ನ ಆಳದ ನೀರು ಪಶ್ಚಿಮಕ್ಕಿದೆ ಎಂಬುದು ಅದರ ಮೈಗೆ ಗೊತ್ತಿದ್ದಿರಬೇಕು. ಆದರೆ ಬ್ರಿಟನ್ನಿನ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಹೊರಟ ಪ್ರಾಣಿಗೆ ಸಿಗುವುದು ಅಟ್ಲಾಂಟಿಕ್ ಅಲ್ಲ, ಥೇಮ್ಸ್ ನದಿಯ ಬಾಯಿ. ಹೀಗೆ ದಿಕ್ಕು ಸರಿಯಾಗಿದ್ದುದರಿಂದಲೇ ಅದು ನಗರದ ನಡುವಿಗೆ ಬಂದಿತೆಂಬುದು ತಜ್ಞರು ಕೊಟ್ಟ ವಿವರಣೆಗಳಲ್ಲಿ ಒಂದು, ಮತ್ತು ನನಗೆ ಹೆಚ್ಚು ಒಪ್ಪಿಗೆಯಾಗುವುದೂ ಅದೇ. ಮರುದಿನ ಅದನ್ನು ಎತ್ತಿ ದೋಣಿಯ ಮೇಲೆ ಮಲಗಿಸಿ ಸಮುದ್ರದತ್ತ ಒಯ್ಯುತ್ತಿದ್ದಾಗ, ಸಂಜೆಯ ಹೊತ್ತಿಗೆ ಅದು ಸತ್ತುಹೋಯಿತು.

ಶವಪರೀಕ್ಷೆಯಲ್ಲಿ ಕಂಡದ್ದು ಮೈಯಲ್ಲಿ ನೀರಿನ ಕೊರತೆ, ಸ್ನಾಯುಗಳಿಗೆ ಆದ ಹಾನಿ ಮತ್ತು ಮೂತ್ರಪಿಂಡಗಳ ಸೋಲು. ನದಿಯಲ್ಲಿ ಇದ್ದ ಪ್ರಾಣಿಗೆ ನೀರಿನ ಕೊರತೆಯೇ ಎಂದು ನಿಮಗೆ ಆಶ್ಚರ್ಯವಾಗಬಹುದು. ತಿಮಿಂಗಿಲ ನಮ್ಮಂತೆ ನೀರು ಕುಡಿದು ಬದುಕುವ ಪ್ರಾಣಿಯಲ್ಲ. ತಿಂದ ಆಹಾರದಿಂದಲೇ ಅದಕ್ಕೆ ಬೇಕಾದ ನೀರು ಸಿಗುತ್ತದೆ, ಬೊಂಡಾಸಿನ ಮೈಯ ಬಹುಪಾಲು ನೀರೇ ತಾನೆ. ಥೇಮ್ಸಿನಲ್ಲಿ ಬೊಂಡಾಸ್ ಇಲ್ಲ. ಆಹಾರ ತಪ್ಪಿದ ದಿನವೇ ನೀರೂ ತಪ್ಪಿದಂತೆ. ಇನ್ನು ಆಳ ಕಡಿಮೆಯಾದ ಕಡೆ ನೆಲಕ್ಕೆ ತಾಗಿ ಕುಳಿತರೆ, ನೀರಿನಲ್ಲಿ ಹಗುರವಾಗಿ ತೇಲುತ್ತಿದ್ದ ಟನ್ನುಗಟ್ಟಲೆ ತೂಕ ಅದರ ಮೈಮೇಲೆಯೇ ಬಿದ್ದು ಸ್ನಾಯುಗಳು ಜಜ್ಜಿಹೋಗುತ್ತವೆ; ಜಜ್ಜಿದ ಸ್ನಾಯುವಿನಿಂದ ಹೊರಬಂದ ವಸ್ತುಗಳು ರಕ್ತದಲ್ಲಿ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಬಂದ ದಾರಿಯಲ್ಲಿ ಹಿಂದಿರುಗದಿರುವುದಕ್ಕೆ ಒಂದು ಕಾರಣ ಹೀಗೆ ತೀರ ಸರಳವಾದದ್ದು: ಬರುವಾಗ ಇದ್ದ ಮೈ ಹೋಗುವಾಗ ಇರುವುದಿಲ್ಲ.

ಗಜನಿಯ ಮೀನಿನೊಡನೆ ನೀವು ಮಾಡಿದ ಹೋಲಿಕೆ ಅರ್ಧ ಸರಿ. ಹಲ್ಲುಳ್ಳ ತಿಮಿಂಗಿಲಗಳು ಟಿಕ್ ಟಿಕ್ ಎಂಬ ಸದ್ದು ಹೊರಡಿಸಿ, ಅದರ ಮಾರುದನಿಯಿಂದ ಎದುರಿಗೆ ಏನಿದೆಯೆಂದು ತಿಳಿಯುತ್ತವೆ. ಕಡಿದಾದ ಬಂಡೆ ಎದುರಾದರೆ ಸದ್ದು ಹಿಂದಿರುಗುತ್ತದೆ. ಮೆಲ್ಲಗೆ ಇಳಿಜಾರಾಗುತ್ತ ಹೋಗುವ ಮರಳಿನ ಅಥವಾ ಕೆಸರಿನ ತಳದಲ್ಲಿ ಮಾರುದನಿ ಸರಿಯಾಗಿ ಹಿಂದಿರುಗುವುದಿಲ್ಲ. ಎದುರಿಗೆ ತೆರೆದ ನೀರೇ ಇದೆಯೆಂದು ತಿಳಿದು ಪ್ರಾಣಿ ಮುಂದುವರಿಯುತ್ತದೆ, ಅಷ್ಟರಲ್ಲಿ ಇಳಿತವೂ ಶುರುವಾದರೆ ಗಜನಿಯ ಮೀನಿನ ಪಾಡೇ ಅದರದೂ. ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಮಣಪಾಡಿನ ಆಸುಪಾಸಿನ ಮರಳು ದಡಕ್ಕೆ 1973ರ ಜನವರಿಯಲ್ಲಿ 147 ಪೈಲಟ್ ತಿಮಿಂಗಿಲಗಳು ಬಂದು ಬಿದ್ದಿದ್ದವು. 43 ವರ್ಷಗಳ ನಂತರ, 2016ರ ಜನವರಿಯಲ್ಲಿ, ಅದೇ ಕರಾವಳಿಗೆ ಅದೇ ಜಾತಿಯ 80ಕ್ಕೂ ಹೆಚ್ಚು ಪ್ರಾಣಿಗಳು ಮತ್ತೆ ಬಂದವು. ಆ ಊರಿನ ಮೀನುಗಾರರು ಅವನ್ನು ದೋಣಿಗಳಿಂದ ಎಳೆದು ಆಳಕ್ಕೆ ಬಿಟ್ಟರೆ, ಕೆಲವು ತಿರುಗಿ ದಡಕ್ಕೇ ಬಂದವು. ಗಜನಿಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಪೈಲಟ್ ತಿಮಿಂಗಿಲಗಳು ಬಂಧುಬಳಗದೊಡನೆ ಗುಂಪಾಗಿ ಬಾಳುವಂಥವು. ಮರಳಿನಲ್ಲಿ ಬಿದ್ದ ಒಂದರ ಕೂಗು ಕೇಳುತ್ತಿರುವವರೆಗೆ ಉಳಿದವು ಅದನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ. ಮೀನಿಗೆ ಈ ಕಷ್ಟವಿಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಪ್ರಕರಣವೆಂದರೆ ಕ್ಯಾಲಿಫೋರ್ನಿಯದ್ದು. 1985ರ ಅಕ್ಟೋಬರಿನಲ್ಲಿ ಹಂಪ್‌ಬ್ಯಾಕ್ ಜಾತಿಯ ಸುಮಾರು 12 ಮೀಟರ್ ಉದ್ದದ ತಿಮಿಂಗಿಲವೊಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನು ಹೊಕ್ಕು, ಸ್ಯಾಕ್ರಮೆಂಟೊ ನದಿಯಲ್ಲಿ ಮೇಲಕ್ಕೆ ಈಜಿ, ಸಾಗರದಿಂದ ಸುಮಾರು 110 ಕಿ.ಮೀ. ಒಳಗೆ ಹೊಲಗಳ ನಡುವಿನ ಇಕ್ಕಟ್ಟಾದ ಕಾಲುವೆಯೊಂದನ್ನು ಸೇರಿತು. ಜನ ಅದಕ್ಕೆ ಹಂಫ್ರಿ ಎಂದು ಹೆಸರಿಟ್ಟರು. ಅಲ್ಲಿಗೆ ಹೋಗುವಾಗ ಅದು ಲಿಬರ್ಟಿ ದ್ವೀಪದ ಒಂದು ಸಣ್ಣ ಸೇತುವೆಯ ಕೆಳಗೆ ನುಸುಳಿತ್ತು. ತಾನೇ ಒಮ್ಮೆ ದಾಟಿದ ಆ ಕಂಬಗಳ ನಡುವಿನ ಸಂದಿಯನ್ನು ತಿರುಗಿ ದಾಟಲು ಮಾತ್ರ ಅದು ಹಿಂಜರಿಯಿತು. ಕೊಟ್ಟಿಗೆಗೆ ಹೊಸದಾಗಿ ತಂದ ಎಮ್ಮೆ ಬಾಗಿಲಲ್ಲಿ ಕಾಲೂರಿ ನಿಲ್ಲುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಬ್ಬಿಣದ ಕೊಳವೆಗಳನ್ನು ನೀರಿನಲ್ಲಿ ಇಳಿಬಿಟ್ಟು ಬಡಿಯುತ್ತ, ಆ ಸದ್ದಿನಿಂದ ಅದನ್ನು ಹಿಂದಿನಿಂದ ಅಟ್ಟುವ ಜಪಾನಿ ಕ್ರಮವನ್ನು ಪ್ರಯೋಗಿಸಿದರು. ಕೊನೆಗೆ, ಹಂಪ್‌ಬ್ಯಾಕ್‌ಗಳು ಮೇಯುವಾಗ ಮಾಡುವ ಸದ್ದಿನ ಧ್ವನಿಮುದ್ರಣವನ್ನು ದೋಣಿಯೊಂದರಿಂದ ನೀರಿನೊಳಗೆ ಕೇಳಿಸಿದಾಗ ಅದು ದೋಣಿಯ ಬೆನ್ನು ಹತ್ತಿತು; ನವೆಂಬರ್ 4ರಂದು ಗೋಲ್ಡನ್ ಗೇಟ್ ಸೇತುವೆಯಡಿ ಹಾದು ಸಾಗರ ಸೇರಿತು. ಐದು ವರ್ಷಗಳ ನಂತರ ಅದೇ ತಿಮಿಂಗಿಲ ಅದೇ ಕೊಲ್ಲಿಗೆ ಮತ್ತೆ ಬಂದು ಕೆಸರಿನಲ್ಲಿ ಸಿಕ್ಕಿಕೊಂಡಿತು ಎಂಬುದನ್ನೂ ಹೇಳಬೇಕು.

ಉಪಾಯ ಸಿಕ್ಕಿತೆಂದು ಎಲ್ಲರೂ ಭಾವಿಸಿದ್ದರು. 2007ರ ಮೇ ತಿಂಗಳಲ್ಲಿ ಅದೇ ನದಿಗೆ ಒಂದು ತಾಯಿ ಮತ್ತು ಮರಿ ಬಂದು ಸ್ಯಾಕ್ರಮೆಂಟೊ ಬಂದರಿನವರೆಗೂ ಹೋದವು. ಎರಡಕ್ಕೂ ಹಡಗು ತಾಗಿದಂಥ ಗಾಯಗಳಿದ್ದವು. ಸಿಹಿನೀರಿನಲ್ಲಿ ದಿನಗಳು ಕಳೆದಂತೆ ಚರ್ಮವೂ ಕೆಡತೊಡಗಿತು. ಅದೇ ಬಗೆಯ ಧ್ವನಿಮುದ್ರಣ, ಅದೇ ಕೊಳವೆ ಬಡಿತ, ಬೋಟುಗಳಿಂದ ನೀರು ಚಿಮ್ಮಿಸುವುದು ಎಲ್ಲ ಆಯಿತು, ಯಾವುದೂ ಫಲಿಸಲಿಲ್ಲ. ಗಾಯಕ್ಕೆ ದೂರದಿಂದಲೇ ಔಷಧಿಯ ಸೂಜಿ ಹೊಡೆದರು. ತಿಂಗಳ ಕೊನೆಯಲ್ಲಿ ಅವು ತಾವಾಗಿಯೇ ಹೊರಟುಹೋದವು. 1966ರಲ್ಲಿ ಜರ್ಮನಿಯ ರೈನ್ ನದಿಯಲ್ಲಿ ಬಾನ್ ನಗರವನ್ನೂ ದಾಟಿ ಹೋದ ಬೆಲೂಗಾ, ಅಂದರೆ ಬಿಳಿ ತಿಮಿಂಗಿಲ, ಬಲೆಗಳಿಂದಲೂ ಮತ್ತಿನ ಸೂಜಿಗಳಿಂದಲೂ ತಪ್ಪಿಸಿಕೊಂಡು, ಸುಮಾರು ಒಂದು ತಿಂಗಳಲ್ಲಿ ತಾನೇ ಸಮುದ್ರಕ್ಕೆ ಮರಳಿತು. ಆರೋಗ್ಯವಾಗಿರುವ ತಿಮಿಂಗಿಲಕ್ಕೆ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಸುತ್ತಮುತ್ತಲಿನ ದೋಣಿಗಳನ್ನು ದೂರ ಇಡುವುದೇ ಇರಬೇಕು ಎಂದು ನಾನು ಭಾವಿಸುತ್ತೇನೆ, ಅದು ಟಿವಿ ಕ್ಯಾಮೆರಾಗಳ ಮುಂದೆ ಎಷ್ಟೇ ಸಪ್ಪೆಯಾಗಿ ಕಂಡರೂ.

ಸೀನ್ ನದಿಯ ಬೆಲೂಗಾಗೆ ಈ ಮಾತು ಅನ್ವಯಿಸದು. ಅದರ ಬಳಗಕ್ಕೆ ಅತಿ ಹತ್ತಿರದ ನೆಲೆಯೆಂದರೆ ಸುಮಾರು 3,000 ಕಿ.ಮೀ. ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳು. ಪ್ಯಾರಿಸ್ಸಿನಿಂದ 70 ಕಿ.ಮೀ. ದೂರದಲ್ಲಿ, ಹಡಗುಗಳನ್ನು ಒಂದು ಮಟ್ಟದ ನೀರಿನಿಂದ ಇನ್ನೊಂದಕ್ಕೆ ದಾಟಿಸುವ ಕಟ್ಟೆಯೊಂದರ ಬಾಗಿಲುಗಳ ನಡುವೆ ಅದು ನಿಂತಿದ್ದಾಗ ಕೊಟ್ಟ ಮೀನನ್ನೂ ಮುಟ್ಟಲಿಲ್ಲ. ನಾಲ್ಕು ಮೀಟರ್ ಉದ್ದದ ಅದರ ತೂಕ ಸುಮಾರು 800 ಕಿಲೋ ಮಾತ್ರವಿತ್ತು, ಇರಬೇಕಾದುದಕ್ಕಿಂತ ತೀರ ಕಡಿಮೆ. ಆಗಸ್ಟ್ 10ರ ನಸುಕಿನಲ್ಲಿ, ಸುಮಾರು ಆರು ತಾಸು ಹೆಣಗಿ, ಬಲೆಯಿಂದ ಮೇಲೆತ್ತಿ ತಂಪು ಲಾರಿಯಲ್ಲಿ ಕರಾವಳಿಗೆ ಒಯ್ದರು. ದಾರಿಯಲ್ಲಿ ಉಸಿರಾಟ ಕ್ಷೀಣಿಸಿದ್ದರಿಂದ ವೈದ್ಯರು ಅದಕ್ಕೆ ದಯಾಮರಣ ಕೊಟ್ಟರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಅದೇ ನದಿಯಲ್ಲಿ ಓರ್ಕಾ ಎಂಬ ಜಾತಿಯ ತಿಮಿಂಗಿಲವೊಂದು ಸತ್ತಿತ್ತು, ಅದೂ ರೋಗಪೀಡಿತ. ನದಿಗೆ ಬಂದದ್ದರಿಂದ ಕಾಯಿಲೆಯಾಯಿತೇ ಎನ್ನುವುದಕ್ಕಿಂತ, ಕಾಯಿಲೆಯಾದ್ದರಿಂದಲೇ ನದಿಗೆ ಬಂದವೇ ಎಂದು ಕೇಳುವುದು ಇಂಥ ಕಡೆ ಹೆಚ್ಚು ಉಪಯುಕ್ತ.

ಮನುಷ್ಯನ ಪಾಲನ್ನು ಮರೆಯುವಂತಿಲ್ಲ. 2000ದ ಮಾರ್ಚ್‌ನಲ್ಲಿ ಬಹಾಮಾಸ್ ದ್ವೀಪಗಳ ದಡಕ್ಕೆ 17 ತಿಮಿಂಗಿಲ ಮತ್ತು ಡಾಲ್ಫಿನ್‌ಗಳು ಬಂದು ಬಿದ್ದದ್ದಕ್ಕೆ ತನ್ನ ಹಡಗುಗಳ ಸೋನಾರ್ ಸದ್ದು, ಅಂದರೆ ನೀರಿನಡಿ ಏನಿದೆಯೆಂದು ಪತ್ತೆ ಹಚ್ಚಲು ಹೊರಡಿಸುವ ಸದ್ದು, ಕಾರಣವೆಂದು ಅಮೆರಿಕದ ನೌಕಾಪಡೆಯೇ ಒಪ್ಪಿಕೊಂಡಿತು. ಸ್ಪೇನ್ ದೇಶ 2004ರಲ್ಲಿ ಕ್ಯಾನರಿ ದ್ವೀಪಗಳ ಸುತ್ತ ಇಂಥ ಸೋನಾರನ್ನು ನಿಲ್ಲಿಸಿದ ಮೇಲೆ ಅಲ್ಲಿ ಕೊಕ್ಕು ಮೂತಿಯ ತಿಮಿಂಗಿಲಗಳು ಗುಂಪಾಗಿ ದಡಕ್ಕೆ ಬೀಳುವುದು ನಿಂತಿತು.

ಇನ್ನು ಹಿರಿಯರ ಮಾತು. ಸಾಯಲೆಂದು ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಆದರೆ ಅವರು ಕಂಡದ್ದು ಸುಳ್ಳಲ್ಲ. ತಿಮಿಂಗಿಲ ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕಾದ ಪ್ರಾಣಿ, ಸೊರಗಿದಾಗ ಪ್ರತಿ ಸಲ ಆಳದಿಂದ ಏರಿ ಬರುವುದು ಅದಕ್ಕೆ ಭಾರ. ಮೈಗೆ ಆಸರೆ ಸಿಗುವ ತೆಳುನೀರನ್ನು ಅದು ಹುಡುಕಿ ಬಂದರೆ, ಅದು ಸಾವನ್ನಲ್ಲ, ಉಸಿರನ್ನು ಹುಡುಕಿದ್ದು.

ಅತಿ ದೂರ ಹೋದವುಗಳಲ್ಲಿ ಒಂದು, 2007ರ ನವೆಂಬರಿನಲ್ಲಿ ಬ್ರೆಜಿಲ್ ದೇಶದ ಅಮೆಜಾನ್ ಕಾಡಿನೊಳಗೆ ತಪಜೋಸ್ ನದಿಯಲ್ಲಿ ಕಂಡ ಮಿಂಕೆ ತಿಮಿಂಗಿಲ. ಸಾಗರ ಅಲ್ಲಿಂದ ಸುಮಾರು 1,600 ಕಿ.ಮೀ. ದೂರ. ಅದು ಬದುಕಲಿಲ್ಲ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಕೆನ್ಯಾದ ತುರ್ಕಾನಾ ಪ್ರದೇಶದ್ದು. ಅಲ್ಲಿನ ಒಣನೆಲದಲ್ಲಿ 1964ರಲ್ಲಿ ಕೊಕ್ಕು ಮೂತಿಯ ತಿಮಿಂಗಿಲವೊಂದರ ಪಳೆಯುಳಿಕೆ ಸಿಕ್ಕಿತು. ಸುಮಾರು 1.7 ಕೋಟಿ ವರ್ಷ ಹಳೆಯದಾದ ಅದು ಸಿಕ್ಕ ಜಾಗ ಈಗಿನ ಕಡಲತೀರದಿಂದ 740 ಕಿ.ಮೀ. ಒಳಗಿದೆ, ಸಮುದ್ರಮಟ್ಟದಿಂದ 620 ಮೀಟರ್ ಎತ್ತರದಲ್ಲಿದೆ. ತಿಮಿಂಗಿಲ ಬೆಟ್ಟ ಹತ್ತುವುದಿಲ್ಲವಷ್ಟೆ. ಅದು ಹಿಂದೂ ಮಹಾಸಾಗರದಿಂದ ನದಿಯೊಂದರಲ್ಲಿ ಈಜಿ ಬಂದಾಗ ಆ ನೆಲ ತಗ್ಗಾಗಿ, ಸಮತಟ್ಟಾಗಿ ಇದ್ದಿರಲೇಬೇಕು. ಪೂರ್ವ ಆಫ್ರಿಕದ ನೆಲ ಮೇಲೆದ್ದದ್ದು ಆಮೇಲೆ ಎಂದು ಭೂವಿಜ್ಞಾನಿಗಳು 2015ರಲ್ಲಿ ಲೆಕ್ಕ ಹಾಕಿದ್ದು ಈ ಎಲುಬಿನ ಆಧಾರದಿಂದ. ಸ್ವಾರಸ್ಯವೆಂದರೆ, ಅಮೆರಿಕಕ್ಕೆ ಒಯ್ದಿದ್ದ ಆ ಪಳೆಯುಳಿಕೆ ಸಂಗ್ರಹದ ರಾಶಿಯಲ್ಲಿ ಎಲ್ಲಿಯೋ ಸೇರಿಹೋಗಿ ಹಲವು ದಶಕ ಯಾರ ಕಣ್ಣಿಗೂ ಬೀಳದೆ, 2011ರಲ್ಲಿ ಮತ್ತೆ ಸಿಕ್ಕಿತ್ತು.

ಗಜನಿಯಲ್ಲಿ ಭರತದ ಮೀನು ಉಳಿದುಬಿಡುವ ಬಗೆಯನ್ನು ನೀವು ಎರಡೇ ಸಾಲಿನಲ್ಲಿ ಬರೆದಿದ್ದೀರಿ. ಅದನ್ನೇ ವಿವರವಾಗಿ, ಸಾಧ್ಯವಾದರೆ ಚಿತ್ರಗಳೊಡನೆ ಬರೆದು ಕಳುಹಿಸಿದರೆ ಪ್ರಕಟಿಸುತ್ತೇವೆ.

— ಸಂ.