ಓದುಗರ ಪ್ರಶ್ನೆ: ‘ಟೀಚರ್, ಅವನ ಬಾಯಿ ಯಾಕೆ ಹಂಗಿದೆ?’

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸಕಲೇಶಪುರ ತಾಲ್ಲೂಕಲ್ಲಿ ಅಂಗನವಾಡಿ ಕಾರ್ಯಕರ್ತೆ. 18 ಮಕ್ಕಳಿದಾರೆ, ಅರ್ಧ ಜನ ಎಸ್ಟೇಟ್ ಲೈನ್ ಮನೆಗಳಿಂದ ಬರೋರು. ಈ ವರ್ಷ ಸೀಳು ತುಟಿ ಆಪರೇಷನ್ ಆಗಿರೋ ನಾಲ್ಕು ವರ್ಷದ ಹುಡುಗ ಸೇರಿದಾನೆ, ಮೂಗಿಂದ ತುಟಿವರೆಗೂ ಗೆರೆ ಇದೆ, ಮಾತು ಸ್ವಲ್ಪ ಮೂಗಲ್ಲಿ ಬರುತ್ತೆ. ಮಕ್ಕಳು ಅವನೆದುರೇ ಬಾಯಿ ಯಾಕೆ ಹಂಗಿದೆ ಅಂತ ಕೇಳ್ತಾರೆ, ನಾನು ‘ಹಂಗೆಲ್ಲ ಕೇಳಬಾರ್ದು’ ಅಂತ ಗದರಿಬಿಡ್ತೀನಿ. ಒಬ್ರು ತಾಯಿ ನಮ್ಮ ಮಗೂನ ಅವನ ಪಕ್ಕ ಕೂರಿಸಬೇಡಿ ಅಂದ್ರು. ಮೊನ್ನೆ ‘ನನ್ನ ಕುಟುಂಬ’ ಹೇಳಿಕೊಡುವಾಗ ಇನ್ನೊಬ್ಳು ಹುಡುಗಿ, ಅಪ್ಪ ತೀರ್ಕೊಂಡಿದಾರೆ, ಅಜ್ಜಿ ಮನೇಲಿ ಬೆಳೀತಿದಾಳೆ, ಚಾರ್ಟ್ ನೋಡ್ತಾ ನೋಡ್ತಾ ಅತ್ತುಬಿಟ್ಲು. ಇದನ್ನೆಲ್ಲ ಇಷ್ಟು ಚಿಕ್ಕ ಮಕ್ಕಳಿಗೆ ಹೆಂಗೆ ಹೇಳೋದು?

ಉತ್ತರ: ಟೀಚರಮ್ಮ, ಮೊದಲು ಒಂದು ಘಟನೆ ಹೇಳ್ತೀನಿ. ಹಾಸನ ಬಸ್ ಸ್ಟ್ಯಾಂಡಲ್ಲಿ ಬೇಲೂರು ಬಸ್ಸಿಗೆ ಕಾಯ್ತಾ ಕೂತಿದ್ವಿ, ಪಕ್ಕದಲ್ಲಿದ್ದ ಹೆಂಗಸಿನ ಕೈ ಮೇಲೆ ತೊನ್ನಿನ ಬಿಳಿ ಮಚ್ಚೆ ನೋಡಿ ನನ್ನ ಮೊಮ್ಮಗಳು ‘ಅಜ್ಜಿ, ಇವರ ಕೈಗೆ ಸುಣ್ಣ ಅಂಟಿದೆ’ ಅಂತ ಜೋರಾಗಿ ಅಂದ್ಲು. ನನ್ನ ಕೈ ತಾನಾಗೇ ಅವಳ ತೊಡೆ ಚಿವುಟೋಕೆ ಹೋಯ್ತು. ಅಷ್ಟರಲ್ಲಿ ಆಯಮ್ಮನೇ ಕೈ ಚಾಚಿ ‘ಸುಣ್ಣ ಅಲ್ಲ ಕಂದ, ಉಜ್ಜಿ ನೋಡು, ಹೋಗಲ್ಲ’ ಅಂದ್ರು. ಇವಳು ಉಜ್ಜಿದ್ಲು, ‘ಹೌದು ಅಜ್ಜಿ, ಹೋಗಲ್ಲ’ ಅಂತ ನನಗೆ ಹೇಳಿ, ಆಮೇಲೆ ಅವರ ಬಳೆ ಎಣಿಸ್ತಾ ಕೂತ್ಲು.

ಆ ಮಗುಗೆ ಬೇಕಾಗಿದ್ದು ಅಷ್ಟೇ. ನಾನು ಚಿವುಟಿದ್ರೆ ಏನು ಕಲೀತಿದ್ಲು ಹೇಳಿ, ಬಿಳಿ ಮಚ್ಚೆ ಇರೋರು ಅಂದ್ರೆ ಏನೋ ಭಯ ಪಡೋ ವಿಷಯ ಅಂತ. ನೀವು ಗದರಿದಾಗ ಆ ಹುಡುಗ ಕೂಡ ಕೇಳಿಸ್ಕೊಳ್ತಾನಲ್ವಾ, ನನ್ನ ತುಟಿ ಬಗ್ಗೆ ಮಾತಾಡೋದೇ ತಪ್ಪು ಅಂತ ಅವನಿಗೂ ಅನ್ಸುತ್ತೆ. ಅದಕ್ಕೇ ಕೇಳಿದ ತಕ್ಷಣ, ಮಳೆ ಯಾಕೆ ಬರುತ್ತೆ ಅಂತ ಕೇಳಿದ್ರೆ ಯಾವ ದನೀಲಿ ಹೇಳ್ತೀರೋ ಅದೇ ದನೀಲಿ ಹೇಳಿ: ‘ಅಮ್ಮನ ಹೊಟ್ಟೇಲಿದ್ದಾಗ ನಮ್ಮೆಲ್ರ ತುಟಿನೂ ಎರಡು ಕಡೆಯಿಂದ ಬಂದು ಕೂಡ್ಕೊಳ್ಳುತ್ತೆ, ಇವನದ್ದು ಕೂಡ್ಕೊಳ್ಳಲಿಲ್ಲ, ಡಾಕ್ಟರ್ ಹೊಲಿದ್ರು, ಇದು ಹೊಲಿಗೆ ಗೆರೆ.’ ಇಷ್ಟು ಸಾಕು, ಇನ್ನೊಂದು ಪ್ರಶ್ನೆ ಬಂದ್ರೆ ಇನ್ನೊಂದು ಮಾತು. ಆದ್ರೆ ಮೊದಲು ಅವನ ಅಮ್ಮನ ಹತ್ರ, ಹೀಗೆ ಹೇಳ್ಲಾ ಅಂತ ಕೇಳ್ಕೊಳ್ಳಿ, ಅವರು ಮನೇಲಿ ಮಗುಗೆ ಏನು ಹೇಳಿದಾರೋ ನೀವೂ ಅದನ್ನೇ ಹೇಳೋದು ಒಳ್ಳೇದು.

ಇನ್ನೊಂದು ದಿನ ಎಲ್ರೂ ಎಡತೋಳು ತೋರಿಸಿ ಅನ್ನಿ. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆ ಗುರುತು ಬಹಳ ಮಕ್ಕಳ ತೋಳಲ್ಲಿ ಇರುತ್ತೆ. ನಿಮ್ಮ ಬೆರಳಲ್ಲಿ ಈಳಿಗೆ ಮಣೆ ತಾಗಿದ ಗಾಯದ ಕಲೆ ಇದ್ರೆ ಅದನ್ನೂ ತೋರಿಸಿ, ಮೊಣಕಾಲು ತರಚಿದ್ದು, ಮಚ್ಚೆ, ಎಲ್ಲ ಬರ್ಲಿ. ಅವನಿಗೂ ತೋರಿಸ್ಬೇಕು ಅನ್ಸಿದ್ರೆ ತೋರಿಸ್ತಾನೆ, ಇಲ್ಲಾಂದ್ರೆ ಬಿಡಿ, ಅವನನ್ನ ಮುಂದೆ ನಿಲ್ಲಿಸಿ ಪಾಠ ಮಾಡೋದು ಬೇಡವೇ ಬೇಡ.

ಪಕ್ಕ ಕೂರಿಸಬೇಡಿ ಅಂದ ತಾಯಿಗೆ ಸಿಟ್ಟು ಮಾಡ್ಕೊಳ್ಳದೆ ಹೇಳಿ, ಇದು ಅಂಟೋದಲ್ಲ. ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಕ್ಕೆ ಹಿಂಗಾಯ್ತು ಅಂತ ನಮ್ಮ ಕಡೆ ಇವತ್ತಿಗೂ ಅಂತಾರೆ, ಅದೂ ಸುಳ್ಳು, ತುಟಿ ಕೂಡ್ಕೊಳ್ಳೋದು ಬಸಿರಿನ ಎರಡನೇ ತಿಂಗಳ ಹೊತ್ತಿಗೆ, ಎಷ್ಟೋ ಜನಕ್ಕೆ ಆಗ ಬಸುರಿ ಅಂತ ಗೊತ್ತೂ ಇರಲ್ಲ. ಆ ಹುಡುಗನ ಅಮ್ಮ ಈ ಮಾತು ಎಷ್ಟು ಸಲ ಕೇಳಿ ಕೊರಗಿದಾರೋ, ತಾಯಂದಿರ ಸಭೇಲಿ ನೀವು ಇದನ್ನ ಬಾಯಿಬಿಟ್ಟು ಹೇಳಿದ್ರೆ ಅವರ ಎದೆ ಭಾರ ಎಷ್ಟೋ ಇಳಿಯುತ್ತೆ. ತೊನ್ನಿನ ಬಗ್ಗೇನೂ ಅಲ್ಲೇ ಹೇಳಿ, ಚರ್ಮಕ್ಕೆ ಬಣ್ಣ ಕೊಡೋ ಕಣಗಳು ಹೋಗಿರುತ್ತೆ, ಅದಕ್ಕೂ ಕುಷ್ಠಕ್ಕೂ ಸಂಬಂಧವೇ ಇಲ್ಲ.

ಅವನ ಮಾತಿನ ವಿಷಯ ಮಾತ್ರ ಮುಂದಕ್ಕೆ ಹಾಕಬೇಡಿ. ಆರ್‌ಬಿಎಸ್‌ಕೆ ಅನ್ನೋ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ತಂಡ ತಪಾಸಣೆಗೆ ಬಂದಾಗ ತೋರಿಸಿ, ಸೀಳು ತುಟಿ, ಸೀಳು ಅಂಗುಳ (ಬಾಯೊಳಗಿನ ಮೇಲ್ಭಾಗ ಸೀಳಿರೋದು) ಎರಡೂ ಅವರ ಪಟ್ಟೀಲಿವೆ, ಜಿಲ್ಲಾಸ್ಪತ್ರೆಗೆ ಬರ್ಕೊಡ್ತಾರೆ. ಮೈಸೂರಿನ ಮಾನಸಗಂಗೋತ್ರಿಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಮಾತಿನ ಥೆರಪಿ ಕೊಡ್ತಾರೆ. ಹಾಸನದಿಂದ ಬೆಳಿಗ್ಗೆ ಬಸ್ ಹತ್ತಿದ್ರೆ ಸಂಜೆಗೆ ವಾಪಸ್ ಬರಬಹುದು.

ಇನ್ನು ಆ ಹುಡುಗಿ. ಅಪ್ಪ ಅಮ್ಮ ಎರಡು ಮಕ್ಕಳ ಚಾರ್ಟನ್ನ ಸ್ವಲ್ಪ ದಿನ ತೆಗೆದಿಡಿ. ಒಂದು ಬಟ್ಟಲು ಹುಣಸೆ ಬೀಜ ಇಟ್ಕೊಂಡು ಕೂರಿ, ‘ರಾತ್ರಿ ನಿಂಗೆ ಯಾರು ಊಟ ಹಾಕ್ತಾರೆ, ಯಾರ ಮಗ್ಗುಲಲ್ಲಿ ಮಲಗ್ತೀಯ, ಜ್ವರ ಬಂದ್ರೆ ಯಾರು ಎತ್ಕೋತಾರೆ’ ಅಂತ ಕೇಳಿ, ಒಬ್ಬೊಬ್ರಿಗೆ ಒಂದೊಂದು ಬೀಜ ಇಡ್ಲಿ. ಒಬ್ಬನ ಮುಂದೆ ಎರಡು ಬೀಜ, ಇನ್ನೊಬ್ಳ ಮುಂದೆ ಒಂಬತ್ತು. ಲೈನ್ ಮನೆ ಮಗು ಅಜ್ಜಿಗೆ ಪಾಟಿ ಅಂತ ಬೀಜ ಇಡುತ್ತೆ, ಇನ್ನೊಂದು ದಾದಿ ಅಂತ ಇಡುತ್ತೆ. ಅಪ್ಪನಿಗೂ ಬೀಜ ಇಡ್ತೀನಿ ಅಂತ ಅವಳು ಅಂದ್ರೆ ಇಡ್ಲಿ, ತಡೀಬೇಡಿ.

ಅಪ್ಪ ಎಲ್ಲಿ ಅಂತ ಬೇರೆ ಮಕ್ಕಳು ಕೇಳಿದ್ರೆ ‘ಅವಳಪ್ಪ ಸತ್ತೋಗಿದಾರೆ, ಅವಳಿಗೆ ಅವರು ತುಂಬಾ ನೆನಪಾಗ್ತಾರೆ’ ಅನ್ನಿ, ಅದನ್ನೂ ಅಜ್ಜಿ ಹತ್ರ ಕೇಳ್ಕೊಂಡು. ಮಲಗಿದಾರೆ, ಊರಿಗೆ ಹೋಗಿದಾರೆ ಅಂತ ಹೇಳಬೇಡಿ ಅಂತ ಅಜ್ಜಿಗೂ ತಿಳಿಸಿ. ಈ ವಯಸ್ಸಲ್ಲಿ ಸತ್ತೋರು ವಾಪಸ್ ಬರಲ್ಲ ಅನ್ನೋದು ಪೂರ್ತಿ ಅರ್ಥ ಆಗಲ್ಲ, ಮಲಗಿದಾರೆ ಅಂದ್ರೆ ಮಗು ತಾನು ಮಲಗೋಕೇ ಹೆದರುತ್ತೆ. ಅವಳು ಅದನ್ನೇ ಹತ್ತು ಸಲ ಕೇಳ್ತಾಳೆ, ಹತ್ತು ಸಲಾನೂ ಹೇಳ್ಬೇಕು.

ಪ್ರಶ್ನೆ: ಮೇಡಂ, ನಾವು ಹಾಸನದೋರು. ದತ್ತು ತಗೊಂಡ ಮಗಳಿಗೆ ನಾಲ್ಕು ತುಂಬ್ತು. ಯಾವಾಗ ಹೇಳೋದು, ದೊಡ್ಡೋಳಾದ್ಮೇಲಾ?

ಉತ್ತರ: ಈಗ್ಲೇ ಶುರು ಮಾಡಿ ಕಣಮ್ಮ. ರಾತ್ರಿ ಕಥೆ ಹೇಳೋ ಹೊತ್ತಿಗೆ, ‘ನೀನು ಇನ್ನೊಬ್ಬಮ್ಮನ ಹೊಟ್ಟೇಲಿ ಬೆಳೆದೆ, ಆಮೇಲೆ ನಾವು ಬಂದು ಕರ್ಕೊಂಡು ಬಂದ್ವಿ, ಆವತ್ತು ನೀನು ಕಾರಲ್ಲಿ ಪೂರ್ತಿ ನಿದ್ದೆ’ ಅಂತ ನಿಜವಾಗಿ ಆಗಿದ್ದನ್ನೇ ಹೇಳಿ. ಆಮೇಲೆ ನೆಂಟರಿಗೆ ಒಂದು ಮಾತು ಹೇಳಿಡಿ. ನಮ್ಮಲ್ಲಿ ಮಕ್ಕಳನ್ನ ರೇಗಿಸೋಕೆ ‘ನಿನ್ನ ತೌಡು ಕೊಟ್ಟು ತಗೊಂಡಿದ್ದು’ ಅಂತಾರಲ್ಲ, ಆ ತಮಾಷೆ ನಿಮ್ಮನೇಲಿ ಯಾರೂ ಆಡಬಾರ್ದು, ಮಾವ ಆಡಿದ್ರೂ ಸರಿ, ಅಲ್ಲೇ ಮಗು ಎದುರಿಗೇ ‘ಹಂಗಲ್ಲ ಮಾವ, ನಾವು ಬೇಕು ಬೇಕು ಅಂತ ಕಾದು ಕರ್ಕೊಂಡು ಬಂದ್ವಿ’ ಅಂತ ತಿದ್ದಿ.